ಹೆಸರು ಅಳಿಸಿದರೆ ಸಾಕೇ?

ಜನಾಂಗದ ಹಣೆಪಟ್ಟಿಗಳನ್ನು ಕಿತ್ತೆಸೆದರೆ ಒಗ್ಗಟ್ಟು ತಾನಾಗಿ ಬರುತ್ತದೆ ಎಂದು ಲೇಖಕರೊಬ್ಬರು ವಾದಿಸಿದ್ದಾರೆ. ಆ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಯಲ್ಲಾಪುರ, ಹಳಿಯಾಳದಲ್ಲಿರುವ ಆಫ್ರಿಕಾ ಮೂಲದ ಸಿದ್ದಿಗಳನ್ನೇ ನೋಡಿ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಎಲ್ಲರನ್ನೂ ಒಂದಾಗಿ ಹಿಡಿದಿರುವುದು ಸಿದ್ದಿ ಎಂಬ ಆ ಹೆಸರೇ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಪಕ್ಕದ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿದ್ದ ಅವರದೇ ಜನ ಮಾತ್ರ 2020ರವರೆಗೆ ಕಾಯಬೇಕಾಯಿತು. (ಜಿಲ್ಲೆಯ ಗಡಿ ದಾಟಿದರೆ ಕುಲವೂ ಬದಲಾಗುತ್ತದೆಯೇ? ಸರ್ಕಾರದ ಲೆಕ್ಕವೇ ಬೇರೆ!) ಇಷ್ಟಾದರೂ, ತಲೆಮಾರುಗಳಿಂದ ಇಲ್ಲೇ ಬಾಳಿ ಕನ್ನಡ, ಕೊಂಕಣಿ ಮಾತನಾಡುವವರನ್ನು ಪೇಟೆಯಲ್ಲಿ ‘ಯಾವ ದೇಶದವರು?’ ಎಂದು ಕೇಳುವವರಿದ್ದಾರೆ. ಹಾಗೆ ಕೇಳುವವರಿಗೆ ಯಾವ ಹಣೆಪಟ್ಟಿಯೂ ಬೇಕಿಲ್ಲ, ಎದುರಿಗಿರುವವರ ಗುಂಗುರು ಕೂದಲು ಕಂಡರೆ ಸಾಕು.