ಶೇಕಡಾ 61ರ ಫಸ್ಟ್ ಕ್ಲಾಸ್

ನಮ್ಮ ಮಲೆನಾಡಿನ ಸರ್ಕಾರಿ ಕಚೇರಿಯೊಂದರಲ್ಲಿ ಹೋದ ಸೋಮವಾರದಿಂದ ಒಂದು ಸಾಫ್ಟ್‌ವೇರ್ ಇಳಿಯುತ್ತಾ ಇದೆ. ಯಾವ ಕಚೇರಿ ಅಂತ ಕೇಳಬೇಡಿ. ನಾಳೆಯೂ ನಾನು ಅದೇ ಕಿಟಕಿ ಮುಂದೆ ನಿಲ್ಲಬೇಕು.

ಮೊದಲೆಲ್ಲ "ಸರ್ವರ್ ಡೌನ್" ಅನ್ನುತ್ತಿದ್ದರು. ಅದರಲ್ಲೊಂದು ಪ್ರಾಮಾಣಿಕತೆ ಇತ್ತು: ಬಿದ್ದಿದೆ, ಎದ್ದ ಮೇಲೆ ಬನ್ನಿ. ಈಗ "ಅಪ್‌ಡೇಟ್ ಆಗ್ತಾ ಇದೆ" ಅನ್ನುತ್ತಾರೆ. ಅಂದರೆ ಕೆಲಸ ನಿಂತಿಲ್ಲ, ಪ್ರಗತಿಯಲ್ಲಿದೆ. ಪ್ರಗತಿಯನ್ನು ಬೈಯುವುದು ಹೇಗೆ? ಪರದೆ ಮೇಲೆ ಒಂದು ಹಸಿರು ಗೆರೆ ತೆವಳುತ್ತಿತ್ತು. ನಮ್ಮ ತೋಟದ ಉಂಬಳ ಇದಕ್ಕಿಂತ ಬೇಗ ಕಾಲೇರುತ್ತದೆ. ಐದು ಕಂಪ್ಯೂಟರಿನಲ್ಲಿ ನಾಲ್ಕಕ್ಕೆ ಟವೆಲ್ ಹೊದಿಸಿದ್ದರು. ಮೊದಲ ದಿನ ಐದೂ ಒಟ್ಟಿಗೆ ಅದೇ ಒಂದು ಫೈಲನ್ನು ಬೆಂಗಳೂರಿನಿಂದ ಐದು ಸಲ ಎಳೆಯಲು ಹೋಗಿ ಯಾವುದಕ್ಕೂ ಏನೂ ದಕ್ಕಲಿಲ್ಲವಂತೆ. ಪಕ್ಕದ ಕಂಪ್ಯೂಟರ್ ಇಳಿಸಿಕೊಂಡದ್ದನ್ನು ಇನ್ನೊಂದು ಅಲ್ಲೇ ಕೇಳಿ ಪಡೆಯಬಹುದು ಎಂಬ ಉಪಾಯ ಎಂದೋ ಬಂದಿದೆ. ಆದರೆ ನಮ್ಮಲ್ಲಿ ಪಕ್ಕದ ಮೇಜಿನಿಂದ ಏನಾದರೂ ಪಡೆಯಬೇಕಾದರೆ ಲಿಖಿತ ಕೋರಿಕೆ ಬೇಕಲ್ಲ.

"ಇನ್ನೆಷ್ಟು ಹೊತ್ತು ಮಾರಾಯ?" ಅಂದೆ.

"ಸಂಜೆ ಹೊತ್ತಿಗೆ ಅರವತ್ತೊಂದು ಆಗ್ತದೆ ಸಾರ್," ಅಂದ ಆಪರೇಟರ್ ಹುಡುಗ.

"ನಾಳೆ ಉಳಿದದ್ದು ಆಗಬಹುದಲ್ಲ?"

"ನಾಳೆ ಸೊನ್ನೆಯಿಂದ ಸಾರ್."

ಕಿಟಕಿ ಮುಂದೆ ಬೇರೇನು ಕೆಲಸವಿರಲಿಲ್ಲ, ಲೆಕ್ಕ ಹಾಕಿದೆ. ಫೈಲು 1.4 ಜಿಬಿ. ಲೈನು ಕಾಗದದ ಮೇಲೆ 2 ಎಂಬಿಪಿಎಸ್; ಮಳೆಗಾಲದಲ್ಲಿ, ಅಂದರೆ ನಮ್ಮಲ್ಲಿ ವರ್ಷದ ಬಹುಭಾಗ, ಕೈಗೆ ಸಿಗುವುದು 256 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 256 ಕಿಲೋಬಿಟ್ಟು. ಎಂಟು ಬಿಟ್ಟಿಗೆ ಒಂದು ಬೈಟು. ಸೆಕೆಂಡಿಗೆ 32 ಕಿಲೋಬೈಟು. ಫೈಲು ಪೂರ್ತಿ ಇಳಿಯಲು ಹನ್ನೆರಡು ಗಂಟೆ ಚಿಲ್ಲರೆ. ಕಚೇರಿ ತೆರೆದಿರುವುದು ಹತ್ತರಿಂದ ಐದೂವರೆ, ಏಳೂವರೆ ಗಂಟೆ. ಭಾಗಿಸಿದರೆ ಶೇ. 61. ಐದೂವರೆಗೆ ಅಟೆಂಡರ್ ಬಂದು ಮೇನ್ ಸ್ವಿಚ್ ಆರಿಸುತ್ತಾರೆ, ವಿದ್ಯುತ್ ಉಳಿತಾಯದ ಸುತ್ತೋಲೆ ಇದೆ. ಬಿಟ್ಟಲ್ಲಿಂದ ಮುಂದುವರಿಸುವ ಬುದ್ಧಿಯನ್ನು ಆ ಸಾಫ್ಟ್‌ವೇರಿಗೆ ಯಾರೂ ಕಲಿಸಿಲ್ಲ. ಹಾಗಾಗಿ ದಿನಾ 61. ಎಸ್ಸೆಸ್ಸೆಲ್ಸಿಯಲ್ಲಾದರೆ ಫಸ್ಟ್ ಕ್ಲಾಸ್.

ಬುಧವಾರ ಮಾತ್ರ 41ಕ್ಕೇ ನಿಂತಿತು. ಅಂದು ಹನ್ನೊಂದಕ್ಕೆ ಮೇಲಿನವರ ವಿಸಿ, ಅಂದರೆ ವಿಡಿಯೊ ಕಾನ್ಫರೆನ್ಸ್, ಇತ್ತು. ವಿಷಯ: ಅಪ್‌ಡೇಟ್ ಯಾಕೆ ತಡವಾಗುತ್ತಿದೆ. ಒಂದೂವರೆ ಗಂಟೆ ಎಲ್ಲರ ಮುಖವೂ ಒಡೆದ ಕನ್ನಡಿಯಲ್ಲಿ ಕಂಡ ಹಾಗೆ ಚೂರುಚೂರಾಗಿ ಬಂತು. ಇದ್ದ ಲೈನನ್ನೆಲ್ಲ ವಿಸಿ ಕುಡಿಯಿತು, ಡೌನ್‌ಲೋಡ್ ಕಡಿದು ಬಿತ್ತು. "ತಡವಾದದ್ದಕ್ಕೆ ಕಾರಣ ಕೊಡಿ" ಅಂತ ಸಾಹೇಬರನ್ನು ಕೇಳಿದರಂತೆ. ಸಾಹೇಬರು ಕಾರಣ ಹೇಳುತ್ತಿದ್ದಾಗ ಅವರ ದನಿ ಕಟ್ಟಾಯಿತು.

ಗೋಡೆ ಮೇಲೆ ಫೈಬರಿನ ಬಿಳಿ ಡಬ್ಬಿಯೂ ಒಂದಿದೆ. ಕೆಂಪು ದೀಪ ಮಿನುಗುತ್ತಿರುತ್ತದೆ. ಬೆಳಕಿನ ಎಳೆ ಎಲ್ಲೋ ಕಡಿದಿದೆ ಅಂತ ಅದರ ಅರ್ಥ. ಎಲ್ಲಿ ಅಂತ ಎಲ್ಲರಿಗೂ ಗೊತ್ತು: ರಸ್ತೆ ಅಗಲ ಮಾಡಲು ಬಂದ ಜೆಸಿಬಿ ಮೋರಿ ಹತ್ತಿರ ಹಲ್ಲಿಗೆ ಸಿಕ್ಕಿಸಿಕೊಂಡು ಹೋದ ಕಡೆ. ಆ ದೀಪಕ್ಕೆ ಯಾರೋ ಕುಂಕುಮ ಹಚ್ಚಿದ್ದಾರೆ. ಆಯುಧಪೂಜೆಯದ್ದಿರಬೇಕು.

ಅಷ್ಟಕ್ಕೂ ಆ 1.4 ಜಿಬಿಯಲ್ಲಿ ಇರುವುದೇನು? ಹುಡುಗನ ಬಳಿ ಸುತ್ತೋಲೆ ಇತ್ತು, ಓದಿದೆ. ಲಾಗಿನ್ ಪುಟಕ್ಕೆ ಕೈಮುಗಿದು ನಿಂತವರ ಹೊಸ ಫೋಟೊ, ಹೋರ್ಡಿಂಗಿಗೆ ಹಾಕಿದರೂ ಒಡೆಯದಷ್ಟು ದೊಡ್ಡದು. ಈ ಸಾಫ್ಟ್‌ವೇರನ್ನು ಹಾಕಿಕೊಳ್ಳುವುದು ಹೇಗೆಂದು ತೋರಿಸುವ ವಿಡಿಯೊ. ಅದು ಸಾಫ್ಟ್‌ವೇರ್ ಹಾಕಿಕೊಂಡ ಮೇಲೆ ನೋಡಲು ಸಿಗುತ್ತದೆ. ನಿಜವಾದ ಬದಲಾವಣೆ ಒಂದೇ: "ತಂದೆ/ಗಂಡನ ಹೆಸರು" ಎಂಬ ಚೌಕ ಇನ್ನು ಮುಂದೆ ಕಡ್ಡಾಯ. ಸಾರಿಗೆ ಉಪ್ಪು ಕಮ್ಮಿಯಾಯಿತು ಅಂತ ತೊಗರಿ ಬಿತ್ತುವುದರಿಂದ ಶುರು ಮಾಡುವ ಅಡುಗೆಮನೆ ಇದು.

ಉಪ್ಪನ್ನಷ್ಟೇ ಕಳಿಸುವ ವಿದ್ಯೆ ಲೋಕಕ್ಕೆ ಗೊತ್ತಿಲ್ಲದ್ದೇನಲ್ಲ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್, ಪಾಲ್ ಮ್ಯಾಕೆರಾಸ್ ಇಬ್ಬರೂ 1996ರಲ್ಲೇ ಆರ್‌ಸಿಂಕ್ ಎಂಬ ಪ್ರೋಗ್ರಾಂ ಬರೆದರು. ಹಳೇ ಫೈಲಿಗೂ ಹೊಸದಕ್ಕೂ ಇರುವ ವ್ಯತ್ಯಾಸ ಹುಡುಕಿ ಅಷ್ಟನ್ನೇ ಸಾಗಿಸುತ್ತದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲೇ ಲೈನು ಖಾಲಿ ಇದ್ದಾಗ ಮೆಲ್ಲಗೆ ಎಳೆದುಕೊಂಡು, ಕರೆಂಟು ಹೋದರೆ ಬಿಟ್ಟಲ್ಲಿಂದ ಹಿಡಿಯುವ ವ್ಯವಸ್ಥೆ ಬಂದಿತ್ತು. ಆದರೆ ಇದನ್ನೆಲ್ಲ ಯಾರು ಯೋಚಿಸಬೇಕು ಹೇಳಿ? ಸಾಫ್ಟ್‌ವೇರ್ ಬರೆದವರ ಮೇಜಿನಿಂದ ಸರ್ವರಿಗೆ ಹತ್ತು ಮಾರು ದೂರ. ಅಲ್ಲಿ ಅದು ಕಾಫಿ ಆರುವುದರೊಳಗೆ ಇಳಿದಿರುತ್ತದೆ. "ಟೆಸ್ಟಿಂಗ್ ಯಶಸ್ವಿ" ಅಂತ ಬರೆದಿರುತ್ತಾರೆ. ಸುಳ್ಳೇನಲ್ಲ.

2009ರಲ್ಲಿ ದಕ್ಷಿಣ ಆಫ್ರಿಕಾದ ಕಂಪನಿಯೊಂದು ಇದೇ ಸಂಕಟಕ್ಕೆ ರೋಸಿ, ವಿನ್‌ಸ್ಟನ್ ಎಂಬ ಪಾರಿವಾಳದ ಕಾಲಿಗೆ 4 ಜಿಬಿ ಕಾರ್ಡ್ ಕಟ್ಟಿ ಡರ್ಬನ್ ಕಡೆ ಹಾರಿಸಿತು. ಸುಮಾರು 80 ಕಿಲೋಮೀಟರು. ಹಕ್ಕಿ ತಲುಪಿ, ಕಾರ್ಡ್ ಬಿಚ್ಚಿ, ಕಂಪ್ಯೂಟರಿಗೆ ಇಳಿಸುವುದಕ್ಕೆ ಒಟ್ಟು ಎರಡು ಗಂಟೆ ಚಿಲ್ಲರೆ. ಅಷ್ಟರಲ್ಲಿ ಅಲ್ಲಿನ ಲೈನಿನಲ್ಲಿ ಸಾಗಿದ್ದು ಶೇ. 4.

ನಮಗೆ ಪಾರಿವಾಳ ಯಾಕೆ? ರಾತ್ರಿ ಬಸ್ಸಿದೆ. ಹುಡುಗನ ಭಾವ ಬೆಂಗಳೂರಿನಲ್ಲಿದ್ದಾರೆ. ಶುಕ್ರವಾರ ಅವರು ಫೈಲನ್ನು 32 ಜಿಬಿ ಪೆನ್‌ಡ್ರೈವಿಗೆ ಹಾಕಿ, ಕವರಿಗೆ ಸ್ಟೇಪ್ಲರ್ ಹೊಡೆದು, ಮೆಜೆಸ್ಟಿಕ್‌ನಲ್ಲಿ ಕಂಡಕ್ಟರ್ ಕೈಗೆ ಕೊಟ್ಟರು. ಮತ್ತೆ ಲೆಕ್ಕ ಹಾಕಿದೆ, ತಡೆಯಲಾಗಲಿಲ್ಲ. ಎಂಟು ಗಂಟೆಯ ದಾರಿ; ಪೆನ್‌ಡ್ರೈವ್ ತುಂಬ ತುಂಬಿ ಕಳಿಸಿದರೆ ಕೆಂಪು ಬಸ್ಸಿನ ವೇಗ ಸುಮಾರು 9 ಎಂಬಿಪಿಎಸ್! ಕಚೇರಿ ಲೈನಿನ ಮೂವತ್ತೈದು ಪಟ್ಟು ಹತ್ತಿರ. ಕಡೂರಿನಲ್ಲಿ ಟೀಗೆ ನಿಲ್ಲಿಸಿದ್ದನ್ನೂ ಸೇರಿಸಿ.

ಶನಿವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ತನ್ನ ಚರ್ಮದ ಚೀಲದ ತಳದಿಂದ ಕವರು ತೆಗೆದುಕೊಟ್ಟರು. ಚಿಲ್ಲರೆಯ ಶಾಖಕ್ಕೆ ಬೆಚ್ಚಗಿತ್ತು. ಐವತ್ತು ರೂಪಾಯಿ. ಹುಡುಗ ಅದನ್ನು ದೇವರ ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದು ಕಂಪ್ಯೂಟರಿಗೆ ಸಿಕ್ಕಿಸಿದ. ಪರದೆಯಲ್ಲಿ ಒಂದು ಚೌಕ ಹಾರಿತು: ಭದ್ರತೆಯ ದೃಷ್ಟಿಯಿಂದ ಯುಎಸ್‌ಬಿ ಪೋರ್ಟ್ ಮುಚ್ಚಲಾಗಿದೆ, ಅನುಮತಿಗಾಗಿ ಆನ್‌ಲೈನಿನಲ್ಲಿ ಅರ್ಜಿ ಸಲ್ಲಿಸಿ.

"ಸಲ್ಲಿಸು ಮಾರಾಯ," ಅಂದೆ.

"ಆ ಅರ್ಜಿ ಹೊಸ ವರ್ಷನ್ನಲ್ಲಿ ಮಾತ್ರ ಓಪನ್ ಆಗ್ತದೆ ಸಾರ್."

ಅಷ್ಟು ಹೇಳಿ ಹುಡುಗ ಗೆರೆಯ ಕಡೆ ತಿರುಗಿದ. ಹತ್ತೂ ಕಾಲು ಗಂಟೆ. ಶೇ. 2.