ಅಬ್ಬಕ್ಕನಿಗೆ ಫ್ಲೆಕ್ಸ್ ಅಂಗಡಿಯಲ್ಲಿ ಪಟ್ಟಾಭಿಷೇಕ

ಉಳ್ಳಾಲದ ರಾಣಿ ಅಬ್ಬಕ್ಕ ಹೇಗಿದ್ದಳೆಂದು ತಿಳಿಯಲು ಪುಸ್ತಕ ಹುಡುಕಬೇಕಾಗಿಲ್ಲ. ಮಂಗಳೂರಿನ ಯಾವುದಾದರೂ ಫ್ಲೆಕ್ಸ್ ಅಂಗಡಿಗೆ ಹೋದರೆ ಸಾಕು. ಬಿಳಿ ಕುದುರೆ, ರತ್ನದ ಕಿರೀಟ, ಕ್ರೀಮ್ ಜಾಹೀರಾತಿನ ಮೈಬಣ್ಣ, ಎತ್ತಿದ ಕತ್ತಿ. ಎಂಟಡಿಗೆ ಹತ್ತಡಿ, ಸಂಜೆಯೊಳಗೆ ಕೈಗೆ. ಕುದುರೆಗೆ ಐದು ಕಾಲಿದ್ದರೂ ಎಣಿಸುವವರಿಲ್ಲ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ: ಕಪ್ಪು ಮೈಬಣ್ಣ, ಹತ್ತಿಯ ಬಟ್ಟೆ, ಬರಿಗಾಲು, ತಾಳೆಗರಿಯ ಕೊಡೆ. ತೋಡಿಸುತ್ತಿದ್ದ ಕಾಲುವೆ ನೋಡಲು ನಡೆದೇ ಹೊರಟಿದ್ದಳಂತೆ. ಪೋರ್ಚುಗೀಸರ ನಿದ್ದೆಗೆಡಿಸಿದ ಅಬ್ಬಕ್ಕ ಇವಳೋ, ಇವಳ ಹಿಂದಿನವಳೋ ಎಂಬ ಚರ್ಚೆ ಇನ್ನೂ ನಡೆದಿದೆ. ಫ್ಲೆಕ್ಸಿಗೆ ಅಂಥ ಸಂಶಯಗಳಿಲ್ಲ.

1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ತೆರೆದ ರಾಜಾ ರವಿವರ್ಮ ಲಕ್ಷ್ಮಿ, ಸರಸ್ವತಿಯರ ಮುಖವನ್ನು ಮನೆಮನೆಗೆ ಹಂಚಿದ. ಅಂದಿನಿಂದ ಬೇರೆ ಮುಖದ ಲಕ್ಷ್ಮಿಗೆ ನಮ್ಮ ದೇವರ ಕೋಣೆಯಲ್ಲಿ ಜಾಗ ಸಿಗುವುದು ಕಷ್ಟ. ಆತ ಕುಂಚ ಹಿಡಿದವನು. ನಮ್ಮ ಅಬ್ಬಕ್ಕನ ಹಣೆಬರಹ ಮೌಸ್ ಹಿಡಿದ ಹುಡುಗನ ಕೈಯಲ್ಲಿದೆ. ಹಣೆಬರಹವೆಂದರೆ ಅಕ್ಷರಶಃ ಹಣೆಯದೇ. ಅಬ್ಬಕ್ಕನ ವಂಶದವರಾದ ಚೌಟರು ಜೈನ ಅರಸರು. ಆದರೆ ಹಣೆಯ ಬೊಟ್ಟಿನ ಆಕಾರ ನಿರ್ಧಾರವಾಗುವುದು ಮುಂಗಡ ಕೊಟ್ಟವರ ಪಂಥ ನೋಡಿ. ಸೌಹಾರ್ದ ಸಭೆಯಾದರೆ ರಾಣಿಯ ಹಿಂದೆ ಟೋಪಿ ಧರಿಸಿದ ಇಬ್ಬರು ಸೈನಿಕರು ಪ್ರತ್ಯಕ್ಷರಾಗುತ್ತಾರೆ. ಮರುವಾರ ಇನ್ನೊಂದು ಬಣದ ಮೆರವಣಿಗೆಗೆ ಅದೇ ಇಬ್ಬರು ಅಳಿಸಿಹೋಗಿ, ಅವರ ಜಾಗದಲ್ಲಿ ಶುಭ ಕೋರುವ ವಾರ್ಡಿನ ಮುಖಂಡರು ಕೈಮುಗಿದು ನಿಲ್ಲುತ್ತಾರೆ. ಪೋರ್ಚುಗೀಸರಿಗೂ ಸಾಧ್ಯವಾಗದ ಕೆಲಸ ಎರಡು ಕ್ಲಿಕ್ಕಿನಲ್ಲಿ ಮುಗಿಯುತ್ತದೆ.

ಶಾಲೆಯ ವೇಷಭೂಷಣ ಸ್ಪರ್ಧೆಗೆ ಮಗುವೊಂದನ್ನು ಬರಿಗಾಲಲ್ಲಿ, ಗರಿಯ ಕೊಡೆ ಹಿಡಿಸಿ ಕಳುಹಿಸಿ ನೋಡಿ. ಗದ್ದೆ ಕೆಲಸದವಳ ಪಾತ್ರವೆಂದು ತಿಳಿದು ತೀರ್ಪುಗಾರರು ಸಮಾಧಾನಕರ ಬಹುಮಾನ ಕೊಟ್ಟಾರು. ಮೊದಲ ಬಹುಮಾನ ರಟ್ಟಿನ ಕಿರೀಟಕ್ಕೇ.

ಪ್ರವಾಸಿಯ ಈ ಸಾಕ್ಷ್ಯವನ್ನು ಯಾವುದಾದರೂ ಉತ್ಸವ ಸಮಿತಿಯ ಮುಂದಿಟ್ಟರೆ ಏನಾದೀತೆಂದು ಊಹಿಸಬಲ್ಲೆ.

"ರಾಣಿ ಕಪ್ಪೇ? ಯಾರು ಹೇಳಿದ್ದು?" ಎನ್ನುತ್ತಾರೆ ಅಧ್ಯಕ್ಷರು.

"ನೋಡಿದವನೇ ಬರೆದದ್ದು."

"ನೋಡಿದವನ ಮಾತು ಬಿಡಿ ಮಾರಾಯರೇ, ನಮ್ಮಲ್ಲಿ ಫೋಟೋವೇ ಉಂಟಲ್ಲ! ಬರಿಗಾಲಿನ ರಾಣಿಯನ್ನು ಜಂಕ್ಷನ್ನಿನಲ್ಲಿ ನಿಲ್ಲಿಸಿದರೆ ಜನರ ಭಾವನೆಗೆ ಧಕ್ಕೆಯಾಗುವುದಿಲ್ಲವೇ?"

ಕಾಲುವೆಯ ಪ್ರಸ್ತಾಪವೂ ಬಿದ್ದುಹೋಗುತ್ತದೆ. ಅದನ್ನು ಕಂಡು ಜನ ತಮ್ಮ ವಾರ್ಡಿನ ಚರಂಡಿಯ ಸುದ್ದಿ ಎತ್ತಿದರೆ ಕಷ್ಟ. ಕೊನೆಗೆ ಗರಿಯ ಕೊಡೆಯನ್ನೂ ಹೊಡೆದುಹಾಕುವ ಹೊತ್ತಿಗೆ ಕೋಶಾಧಿಕಾರಿ ಕೈ ಎತ್ತುತ್ತಾರೆ. ಕೊಡೆ ಇರಲಿ, ಕೊಡೆ ಅಂಗಡಿಯವರನ್ನು ಪ್ರಾಯೋಜಕತ್ವಕ್ಕೆ ಕೇಳಬಹುದು. ಆದರೆ ತಾಳೆಗರಿಯದು ಬೇಡ, ಮೂರು ಮಡಿಕೆಯದು ಹಾಕಿಸಿ.