ವೈಯತ್ ಚಿತ್ರಕ್ಕೆ ಒಂದು ಮೊಳ ಹತ್ತಿರ ಬನ್ನಿ

ಅಮೆರಿಕದ ಚಿತ್ರಕಾರ ಆಂಡ್ರ್ಯೂ ವೈಯತ್ ಎಂದ ಕೂಡಲೇ ‘ಫೋಟೊ ಥರ ಬಿಡಿಸುತ್ತಿದ್ದ ಕಲಾವಿದ’ ಅನ್ನುವವರು ಬಹಳ. ಈ ಮಾತು ಅವನಿಗೆ ಮಾಡುವ ಅನ್ಯಾಯ. 2017ರಲ್ಲಿ ಅವನು ಹುಟ್ಟಿ ನೂರು ವರ್ಷವಾದಾಗ ಅವನ ಊರಾದ ಪೆನ್ಸಿಲ್ವೇನಿಯಾದ ಚ್ಯಾಡ್ಸ್ ಫೋರ್ಡ್‌ನಲ್ಲಿ, ಬ್ರ್ಯಾಂಡಿವೈನ್ ಮ್ಯೂಸಿಯಂನಲ್ಲಿ, ಆಮೇಲೆ ಸಿಯಾಟಲ್‌ನಲ್ಲಿ ಜೀವಮಾನದ ಕೆಲಸವನ್ನೆಲ್ಲ ಹರವಿಟ್ಟ ಪ್ರದರ್ಶನ ನಡೆಯಿತು. ಅಂಥದ್ದನ್ನು ಹತ್ತು ಅಡಿ ದೂರದಿಂದ ನೋಡಿ ಬಂದರೆ ಫೋಟೊ ಅಂತಲೇ ಅನ್ನಿಸುತ್ತದೆ. ಒಂದು ಮೊಳ ಹತ್ತಿರ ಹೋದರೆ ಫೋಟೊ ಕರಗಿ ಬರೀ ಗೀರುಗಳು ಉಳಿಯುತ್ತವೆ.

ಕಾರಣ ಮೊಟ್ಟೆ. ಅವನ ದೊಡ್ಡ ಚಿತ್ರಗಳಲ್ಲಿ ಹೆಚ್ಚಿನವು ಎಗ್ ಟೆಂಪೆರಾ, ಅಂದರೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ. ಅದನ್ನು ಕಲಿಸಿದವನು ಅಕ್ಕನ ಗಂಡ ಪೀಟರ್ ಹರ್ಡ್. ಮೊಟ್ಟೆಯ ಹಳದಿಯನ್ನು ಬಿಳಿಯಿಂದ ಬಿಡಿಸಿ, ಅಂಗೈಯಿಂದ ಅಂಗೈಗೆ ಹೊರಳಿಸಿ ಒಣಗಿಸಬೇಕು. ಪೊರೆಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಚುಚ್ಚಿದರೆ ರಸ ಮಾತ್ರ ಬಟ್ಟಲಿಗಿಳಿಯುತ್ತದೆ. ಪೊರೆಯೂ ಬಿದ್ದರೆ ಬಣ್ಣದಲ್ಲಿ ಗಂಟು. ನೀರಿನಲ್ಲಿ ಅರೆದ ಬಣ್ಣದ ಪುಡಿಗೆ ಸುಮಾರು ಸಮಪಾಲು ಹಳದಿ. ಕಡಿಮೆಯಾದರೆ ಒಣಗಿದ ಬಣ್ಣ ಬೆರಳಿಗೆ ಪುಡಿಯಾಗಿ ಬರುತ್ತದೆ, ಹೆಚ್ಚಾದರೆ ಜಿಡ್ಡು ಜಿಡ್ಡು. ಗಾಜಿನ ಮೇಲೆ ಬಳಿದು ಒಣಗಿದ ಮೇಲೆ ಬ್ಲೇಡಿನಿಂದ ಕೆರೆದು ನೋಡಿದರೆ ತಿಳಿಯುತ್ತದೆ: ಹದವಾಗಿದ್ದರೆ ಸಿಪ್ಪೆಯಂತೆ ಸುರುಳಿಯಾಗಿ ಏಳುತ್ತದೆ, ಇಲ್ಲದಿದ್ದರೆ ಉದುರುತ್ತದೆ.

ಈ ಬಣ್ಣ ಕುಂಚ ಎತ್ತುವಷ್ಟರಲ್ಲಿ ಒಣಗುತ್ತದೆ. ಎಣ್ಣೆಬಣ್ಣದಂತೆ ಒಂದರೊಳಗೊಂದು ತೀಡಿ ಬೆರೆಸಲಾಗದು. ನೆರಳು ಬೇಕೆಂದರೆ ಗೀರಿನ ಪಕ್ಕ ಗೀರು, ಅದರ ಮೇಲೆ ಮತ್ತೊಂದು ಪದರ, ತಿಂಗಳುಗಟ್ಟಲೆ. ಅವನ ಅತಿ ಹೆಸರಾದ ಚಿತ್ರ, 1948ರ ‘ಕ್ರಿಸ್ಟೀನಾಸ್ ವರ್ಲ್ಡ್’ನ ಹುಲ್ಲು ಬೆಳೆದದ್ದು ಹೀಗೆ. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಮೋಮಾ ಅದನ್ನು 1,800 ಡಾಲರಿಗೆ ಕೊಂಡಿತು. ಪೋಸ್ಟರಿನಲ್ಲಿ ಬಯಲಿನಷ್ಟು ದೊಡ್ಡದು ಎನ್ನಿಸುವ ಆ ಚಿತ್ರದ ಅಗಲ 121 ಸೆಂಟಿಮೀಟರ್, ಎತ್ತರ 82.

ಕ್ಯಾನ್ವಾಸ್ ಮೇಲೆ ಇದು ನಿಲ್ಲದು. ಬಟ್ಟೆ ಬಾಗಿದರೆ ಬಣ್ಣ ಸೀಳುತ್ತದೆ. ಹಾಗಾಗಿ ಗಟ್ಟಿ ಹಲಗೆ, ಅದರ ಮೇಲೆ ಪ್ರಾಣಿಯ ತೊಗಲಿನ ಅಂಟು ಮತ್ತು ಸೀಮೆಸುಣ್ಣದ ಪುಡಿ ಕಲಸಿದ ಜೆಸ್ಸೋ. ಗಾಳಿಯ ತೇವ ಏರಿಳಿದರೆ ಹಲಗೆ ಹಿಗ್ಗಿ ಕುಗ್ಗಿ ಬಣ್ಣದ ಚಕ್ಕೆ ಏಳುತ್ತದೆ. ಕೆಲವು ಕಡೆ ಬೂಷ್ಟಿನಂಥ ಬಿಳಿ ಮಸುಕು ಕಂಡರೆ ಅದು ಬೂಷ್ಟಲ್ಲ, ಹಳದಿಯ ಕೊಬ್ಬಿನಾಮ್ಲ ಮೇಲೆದ್ದು ಹರಳುಗಟ್ಟಿದ್ದು. ಊರೂರು ತಿರುಗಿಸುವುದು ಇಂಥ ಚಿತ್ರಗಳಿಗೆ ದೊಡ್ಡ ಗಂಡಾಂತರ. ಅಷ್ಟೊಂದು ಟೆಂಪೆರಾ ಒಂದೇ ಸೂರಿನಡಿ ಸಿಕ್ಕಾಗ ಅವಸರ ಮಾಡಬೇಡಿ.

ವೈಯತ್ ಜಲವರ್ಣದಲ್ಲೂ ಬಿಡಿಸುತ್ತಿದ್ದ; ಆ ಚಿತ್ರಗಳ ಕೋಣೆ ಮಬ್ಬಾಗಿರುತ್ತದೆ. ಬೆಳಕು ಬಣ್ಣವನ್ನು ತಿನ್ನುತ್ತದೆ, ಅದಕ್ಕೇ ಸುಮಾರು 50 ಲಕ್ಸ್ (ಬೆಳಕಿನ ಅಳತೆ) ಮಿತಿ. ಕಣ್ಣು ಒಗ್ಗಲು ಐದು ನಿಮಿಷ ಕೊಡಿ. ಆಮೇಲೆ ಡ್ರೈಬ್ರಶ್ ಹುಡುಕಿ: ಕುಂಚವನ್ನು ಬೆರಳಲ್ಲಿ ಹಿಂಡಿ, ಕೂದಲನ್ನು ಕವಲೊಡೆಸಿ ಎಳೆದ ಒಣ ಗೆರೆಗಳು.

ನನ್ನ ತಕರಾರು ಗೋಡೆಯ ಬರಹಗಳ ಬಗ್ಗೆ. ಅವನಿಗೆ ರೂಪದರ್ಶಿಯಾಗಿದ್ದ ಹೆಲ್ಗಾ ಯಾರು, 1971ರಿಂದ 1985ರವರೆಗೆ ಬಿಡಿಸಿದ ಅವಳ 240ಕ್ಕೂ ಹೆಚ್ಚು ಚಿತ್ರಗಳನ್ನು ವೈಯತ್ ಏಕೆ ಬಚ್ಚಿಟ್ಟ ಎಂಬುದಕ್ಕೆ ಸಾಲು ಸಾಲು. ಮಾಧ್ಯಮಕ್ಕೆ ಮೂರೇ ಪದ, ‘ಹಲಗೆಯ ಮೇಲೆ ಟೆಂಪೆರಾ’. ಒಂದು ಬಟ್ಟಲು, ಒಂದು ಅರ್ಧ ಮುಗಿದ ಹಲಗೆ ಪಕ್ಕದಲ್ಲಿಡಲು ಏನು ಕಷ್ಟ?

‘ವಿಂಟರ್ 1946’ ಎಂಬ ಚಿತ್ರ ಸಿಕ್ಕರೆ, ಓಡಿ ಬರುವ ಹುಡುಗನನ್ನು ನೋಡಿದ ಮೇಲೆ ಅವನ ಹಿಂದಿನ ಗುಡ್ಡಕ್ಕೆ ಬನ್ನಿ. ಆ ಗುಡ್ಡದಾಚೆ, ರೈಲು ದಾಟುವಲ್ಲಿ, 1945ರ ಅಕ್ಟೋಬರಿನಲ್ಲಿ ವೈಯತ್‌ನ ತಂದೆ ಸತ್ತದ್ದು. ಒಣ ಹುಲ್ಲಿನ ಗೀರುಗಳನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಹಿಂಬಾಲಿಸಿ.